ಕ್ಷ-ಕಿರಣವೂ ಹಂದಿಗೋಡಿನ ರೋಗವೂ

ರೋಗವೇನೆಂದು ತಿಳಿಯದಾದಾಗ ನಮ್ಮ ಜನ ಆಡುವ ಮಾತೊಂದುಂಟು: “ಒಂದು ಎಕ್ಸ್‌ರೇ ತೆಗೆಸಿಬಿಟ್ಟರೆ ಎಲ್ಲಾ ಗೊತ್ತಾಗುತ್ತೆ.” ಪಟ್ಟಣದವರು ಎಕ್ಸ್‌ರೇ ಎನ್ನುವಲ್ಲಿ ಸ್ಕ್ಯಾನಿಂಗ್ ಎನ್ನುತ್ತಾರೆ, ನಂಬಿಕೆ ಮಾತ್ರ ಒಂದೇ. ಮುರಿದ ಕೈಯ ಮಟ್ಟಿಗೆ ಈ ಮಾತು ಸಲ್ಲುತ್ತದೆ. ಆದರೆ ಅಪರೂಪದ ರೋಗಗಳ ವಿಷಯದಲ್ಲಿ ಒಂದೇ ಒಂದು ಚಿತ್ರದಿಂದ ಎಲ್ಲವೂ ಗೊತ್ತಾಗುವುದಿಲ್ಲವೆಂದೂ, ಅನೇಕ ಚಿತ್ರಗಳನ್ನು ಒಂದೆಡೆ ಇಟ್ಟು ನೋಡಿ, ಆ ಚಿತ್ರಗಳೊಳಗಿನ ಮನುಷ್ಯರ ಮನೆತನದ ಕಥೆಯನ್ನೂ ಕೇಳಿದಾಗಲೇ ಅವು ಬಾಯಿಬಿಡುತ್ತವೆಂದೂ ನನ್ನ ಅಭಿಪ್ರಾಯ. ನಾನು ವೈದ್ಯಶಾಸ್ತ್ರ ಓದಿದವನಲ್ಲ; ಚರಿತ್ರೆಯ ವಿದ್ಯಾರ್ಥಿ. ಆದರೂ ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ನಮ್ಮ ಮಲೆನಾಡಿನದೇ ಆದ ಒಂದು ರೋಗ ಕಾರಣ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯಿದೆ. 1975ರ ಸುಮಾರಿಗೆ ಅಲ್ಲಿನ ಕೂಲಿಕಾರರಲ್ಲಿ ಒಂದು ವಿಚಿತ್ರವಾದ ಕೀಲುಬೇನೆ ಹೊರಜಗತ್ತಿನ ಗಮನಕ್ಕೆ ಬಂದಿತು. ಸೊಂಟದಲ್ಲಿ, ಮೊಣಕಾಲಿನಲ್ಲಿ ನೋವು ಹತ್ತುವುದು, ನಡಿಗೆ ಕುಂಟಾಗುವುದು, ಕ್ರಮೇಣ ಕೋಲು ಹಿಡಿಯದೆ ಏಳಲಾಗದ ಸ್ಥಿತಿ. ಕೆಲವರು ಎತ್ತರದಲ್ಲಿ ನಮ್ಮ ನಿಮ್ಮಂತೆಯೇ ಇದ್ದರು, ಕೆಲವರು ಗಿಡ್ಡರು, ಇನ್ನು ಕೆಲವರು ತೀರ ಕುಳ್ಳರು. ಬೇನೆಗೆ ತುತ್ತಾದವರು ಚನ್ನಂಗಿ ಮತ್ತು ಛಲವಾದಿ ಎಂಬ ಪರಿಶಿಷ್ಟ ಜಾತಿಗಳಿಗೆ ಸೇರಿದವರು. ಬಗ್ಗಿ ಸಸಿ ನೆಡುವುದೇ ಜೀವನೋಪಾಯವಾಗಿರುವವರಿಗೆ ಸೊಂಟ ಬಗ್ಗದಿದ್ದರೆ ಮುಂದೇನು? ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಇದೇ ರೋಗ ಇದ್ದುದು ಆಮೇಲೆ ತಿಳಿಯಿತು. ಹೆಸರು ಮಾತ್ರ ಹಂದಿಗೋಡಿಗೇ ಅಂಟಿಕೊಂಡಿತು.

ಕಾರಣ ಯಾವುದೆಂಬ ಪ್ರಶ್ನೆ ಹುಟ್ಟಿದೊಡನೆ ಜನರ ಕಣ್ಣು ಬಿದ್ದದ್ದು ಆ ಬಡವರ ಊಟದ ಮೇಲೆ. ಗದ್ದೆಗಳಿಗೆ ಕೀಟನಾಶಕ ಹೊಡೆಯುವ ರೂಢಿ ಹೊಸದಾಗಿ ಬಂದಿದ್ದ ಕಾಲವದು. ಗದ್ದೆಯ ಏಡಿಗಳ ಮೈಯಲ್ಲಿ ಆ ವಿಷ ಸೇರಿ, ಏಡಿ ತಿಂದವರ ಮೂಳೆಗೆ ಇಳಿಯಿತೆಂಬ ಮಾತು ಹಬ್ಬಿತು. ಈ ಸಂಶಯ ಮೂರ್ಖತನದ್ದೆಂದು ನಾನು ಹೇಳಲಾರೆ. ವಿಷ ಹೊಡೆದದ್ದು ನಿಜ, ಏಡಿ ತಿಂದದ್ದೂ ನಿಜ, ಬೇನೆ ಕಂಡದ್ದೂ ಅದೇ ಕಾಲದಲ್ಲಿ. ಆದರೆ ಒಂದರ ಬೆನ್ನಿಗೆ ಇನ್ನೊಂದು ಬಂದಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ತಂದೆಯಾಗುವುದೆ? ತನ್ನ ಕಾಯಿಲೆಯನ್ನು ತಾನೇ ತಿಂದು ತಂದುಕೊಂಡನೆಂಬ ಮಾತು ಬಡವನ ಪಾಲಿಗೆ ಬಲು ಸುಲಭವಾಗಿ ಬರುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಇಂತಹ ಗೊಂದಲದ ನಡುವೆ ಕ್ಷ-ಕಿರಣದ ಚಿತ್ರ ಏನು ಮಾಡಿತೆಂಬುದು ನೋಡತಕ್ಕ ಸಂಗತಿ. ಕೀಲುಗಳನ್ನು ಕೆಡಿಸುವ ರೋಗ ಒಂದೆರಡಲ್ಲ. ಕ್ಷಯವು ಕೀಲಿಗೆ ತಗುಲಿದರೆ ಸಾಮಾನ್ಯವಾಗಿ ಒಂದೇ ಕೀಲನ್ನು ಹಿಡಿದು ತಿನ್ನುತ್ತದೆ. ಫ್ಲೋರೈಡ್ ಹೆಚ್ಚಾದ ನೀರನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಮೂಳೆ ಅತಿಯಾಗಿ ಗಟ್ಟಿಯಾಗಿ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಮೂಳೆಗಳನ್ನು ಬಿಗಿದಿರುವ ಕಟ್ಟುಗಳಿಗೂ ಸುಣ್ಣ ಹಿಡಿದಿರುತ್ತದೆ. ಅಂದಿನ ಮದ್ರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ಫ್ಲೋರೈಡ್ ರೋಗವನ್ನು 1937ರಲ್ಲಿಯೇ ವೈದ್ಯರು ವರ್ಣಿಸಿದ್ದರು. ನಮ್ಮಲ್ಲಿಯೂ ಪಾವಗಡ, ಮುಂಡರಗಿ ಕಡೆಯ ನೀರು ಇದಕ್ಕೆ ಕುಪ್ರಸಿದ್ಧ. ಬೆನ್ನು ಬಾಗಿ ಕೋಲೂರಿ ನಡೆಯುವ ಪಾವಗಡದ ಮುದುಕನನ್ನೂ ಹಂದಿಗೋಡಿನ ಯುವಕನನ್ನೂ ದೂರದಿಂದ ನೋಡಿದರೆ ಇಬ್ಬರದೂ ಒಂದೇ ಬೇನೆಯೆನ್ನಿಸೀತು. ಚಿತ್ರದಲ್ಲಿ ಮಾತ್ರ ಇಬ್ಬರೂ ಬೇರೆ ಬೇರೆ. ಹಂದಿಗೋಡಿನವರಲ್ಲಿ ತೊಡೆಮೂಳೆಯ ಗುಂಡುತಲೆಯೂ ಅದು ಕೂರುವ ಸೊಂಟದ ಗುಳಿಯೂ ತಕ್ಕ ಆಕಾರದಲ್ಲಿಲ್ಲ. ಅನೇಕರಲ್ಲಿ ಬೆನ್ನುಮೂಳೆಯ ಮಣಿಗಳು ಚಪ್ಪಟೆ. ತೀರ ಕುಳ್ಳರಾದವರಲ್ಲಿ ಕೈಮೂಳೆಗಳೂ ಕೆಟ್ಟಿವೆ. ಅಂದರೆ ಬೆಳೆದ ಮೂಳೆ ಕೆಟ್ಟದ್ದಲ್ಲ, ಮೂಳೆ ಬೆಳೆದದ್ದೇ ಕೆಟ್ಟ ರೀತಿಯಲ್ಲಿ. ನೋವು ಆಮೇಲೆ ಬಂದದ್ದು.

ಇಷ್ಟನ್ನು ಚಿತ್ರ ಹೇಳುತ್ತದೆ. ಏಕೆ ಹಾಗೆ ಬೆಳೆಯಿತೆಂಬುದನ್ನು ಅದೊಂದೇ ಹೇಳಲಾರದು. ಅದಕ್ಕೆ ವಂಶವೃಕ್ಷ ಬೇಕಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಭಟ್ ಎಂಬ ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಕೀಲುರೋಗವೆಂದೇ ಕರೆದರು. ಮುಂದೆ 1994ರಲ್ಲಿ, ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ವೈದ್ಯರು ಮುಖ್ಯವಾಗಿ ಈ ಚಿತ್ರಗಳನ್ನೇ ಆಧರಿಸಿ ಬರೆದ ಲೇಖನ ಬಂದಿತು. ಬೆನ್ನುಮಣಿಗಳೂ ಉದ್ದಮೂಳೆಗಳ ತುದಿಗಳೂ ಸರಿಯಾಗಿ ಬೆಳೆಯದ ರೋಗಗಳ ಪಂಗಡಕ್ಕೆ ಇದು ಸೇರಿದ್ದೆಂದೂ, ಆ ಪಂಗಡದಲ್ಲಿಯೇ ಹೊಸದೊಂದು ಬಗೆಯೆಂದೂ ಅವರು ತೋರಿಸಿದರು. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಸಾಕು, ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಎತ್ತರದವನು, ಗಿಡ್ಡನು, ಕುಳ್ಳನು ಎಂಬ ಮೂವರೂ ಒಂದೇ ರೋಗದ ಮೂರು ರೂಪಗಳೆಂದು ಸ್ಥಿರಪಟ್ಟದ್ದು, ಒಂದೇ ಕುಲದ ಹಲವರ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದ್ದರಿಂದ. ಎತ್ತರದವನ ಸೊಂಟದ ಚಿತ್ರವೊಂದನ್ನೇ ಯಾವನಾದರೂ ವೈದ್ಯನ ಕೈಯಲ್ಲಿಟ್ಟಿದ್ದರೆ ಅವನು ಅದನ್ನು ಸಾಮಾನ್ಯ ಸಂಧಿವಾತವೆಂದು ಬರೆದು ಕಳುಹಿಸಿದರೆ ಆಶ್ಚರ್ಯವೇನು? ದಕ್ಷಿಣ ಆಫ್ರಿಕದ ಜೂಲೂಲ್ಯಾಂಡಿನ ಮ್ಸೆಲೆನಿ ಎಂಬಲ್ಲಿ 1970ರಲ್ಲಿ ವರದಿಯಾದ ಸೊಂಟದ ರೋಗವೊಂದನ್ನೂ ಇದರ ಪಕ್ಕದಲ್ಲಿಟ್ಟು, ಎರಡೂ ಒಂದೆಯೇ ಎಂದು ವಿದ್ವಾಂಸರು ಚರ್ಚಿಸಿದ್ದುಂಟು.

ನನ್ನ ವಿಷಯವಾದ ಚರಿತ್ರೆಯಲ್ಲಿ ಇದು ಹೊಸದಲ್ಲ. ತೇದಿಯಿಲ್ಲದ ಶಾಸನವೊಂದು ಸಿಕ್ಕಿದಾಗ ಅದರ ಅಕ್ಷರದ ಬಳುಕನ್ನು ತೇದಿಯುಳ್ಳ ಬೇರೆ ಶಾಸನಗಳೊಡನೆ ಹೋಲಿಸಿ ಕಾಲ ಹೇಳುತ್ತಾರೆ. ಬಿ. ಎಲ್. ರೈಸ್ ಮಹಾಶಯರು ಇದೇ ಸಾಗರ ಸೀಮೆಯ ಕಲ್ಲುಗಳನ್ನೂ ಬಿಡದೆ ಓದಿಸಿ ‘ಎಪಿಗ್ರಾಫಿಯ ಕರ್ಣಾಟಿಕ’ದಲ್ಲಿ ಅಚ್ಚು ಹಾಕಿಸಿದ್ದರಿಂದಲೇ ನಾವಿಂದು ಆ ಹೋಲಿಕೆಯನ್ನು ಮಾಡಬಲ್ಲೆವು. ಕಲ್ಲಿಗೆ ಸಂದ ಈ ಮರ್ಯಾದೆ ಅದೇ ನೆಲದ ಮನುಷ್ಯರ ಮೂಳೆಯ ಚಿತ್ರಗಳಿಗೂ ಸಲ್ಲಬೇಡವೆ? ಇದು ಬರಿಯ ಅಲಂಕಾರದ ಮಾತಲ್ಲ. ಕ್ಷ-ಕಿರಣ ಹೆಚ್ಚಾಗಿ ತಗುಲುವುದು ಮೈಗೆ, ಅದರಲ್ಲೂ ಮಕ್ಕಳ ಮೈಗೆ, ಒಳ್ಳೆಯದಲ್ಲ. ಹಳೆಯ ಚಿತ್ರ ಜೋಪಾನವಾಗಿದ್ದರೆ ಮುಂದಿನ ತಂಡದವರು ಹೊಸದನ್ನು ತೆಗೆಯುವ ಪ್ರಮೇಯ ಕಡಿಮೆಯಾಗುತ್ತದೆ, ಕೂಲಿಯವನಿಗೆ ಒಂದು ದಿನದ ಸಂಬಳವೂ ಉಳಿಯುತ್ತದೆ. ಹತ್ತನೆಯ ವಯಸ್ಸಿನ ಚಿತ್ರವನ್ನೂ ಮೂವತ್ತನೆಯ ವಯಸ್ಸಿನ ಚಿತ್ರವನ್ನೂ ಜೊತೆಗಿಟ್ಟು ನೋಡುವ ಲಾಭವಂತೂ ಬೇರೆ ಯಾವ ಉಪಾಯದಿಂದಲೂ ಬಾರದು.

ಚಿತ್ರವನ್ನು ಓದುವವರ ಮಾತಾಯಿತು, ಓದಿಸಿಕೊಂಡವರ ಪಾಡೇನು? ನಮ್ಮೂರು ಹಂದಿಗೋಡಲ್ಲ, ಅಲ್ಲಿನ ರೋಗವೂ ನಮ್ಮಲ್ಲಿಲ್ಲ. ಆದರೆ ನಮ್ಮ ಕೇರಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಆಸ್ಪತ್ರೆಯ ದೊಡ್ಡ ಲಕೋಟೆಗಳೆಲ್ಲ ನನ್ನ ಬಳಿಗೆ ಬರುತ್ತವೆ. “ಇದ್ರಾಗೆ ಏನ್ ಬರ್ದಾರೆ, ಓದಿ ಹೇಳು ತಮ್ಮಾ” ಎನ್ನುತ್ತಾರೆ. ಒಳಗಿರುವುದು ಅರ್ಧ ಪುಟದ ಇಂಗ್ಲಿಷು. ಅನೇಕ ವರದಿಗಳ ಕೊನೆಯಲ್ಲಿ ಒಂದೇ ಮಾತು ಕಂಡಿದ್ದೇನೆ: ಇದನ್ನು ರೋಗಿಯ ಲಕ್ಷಣಗಳೊಂದಿಗೆ ಹೋಲಿಸಿ ನೋಡತಕ್ಕದ್ದು. ಬರೆದ ತಜ್ಞರೇ ತಮ್ಮ ಚಿತ್ರ ಸಾಲದೆಂದು ಒಪ್ಪಿಕೊಂಡಿರುವ ಮಾತದು, ಮೆಚ್ಚತಕ್ಕದ್ದೇ. ಆದರೆ ಹೋಲಿಸಿ ನೋಡುವ ವೈದ್ಯರಿಗೆ ಸಮಯವಿಲ್ಲದೆ, ಲಕ್ಷಣ ಅನುಭವಿಸುವವನಿಗೆ ಭಾಷೆ ಬಾರದೆ, ಆ ಹಾಳೆ ಮಡಿಚಿದಂತೆಯೇ ತೊಲೆಯ ಸಂದಿಗೆ ಸೇರುತ್ತದೆ. ಹಂದಿಗೋಡಿಗೂ ಒಂದಲ್ಲ, ಹಲವು ತಂಡಗಳು ಬಂದು ಹೋದವು. ತನ್ನ ಸೊಂಟದ ಚಿತ್ರ ದೂರದ ನಗರದ ಪತ್ರಿಕೆಯಲ್ಲಿ ಅಚ್ಚಾಗುವುದಾದರೆ, ಅದರಲ್ಲಿ ಕಂಡದ್ದೇನೆಂದು ಮೊದಲು ಕೇಳುವ ಹಕ್ಕು ಆ ಸೊಂಟದ ಒಡೆಯನಿಗೆ ಇರಬೇಕು.

ಗುಣವಾಗದ ರೋಗಕ್ಕೆ ಹೆಸರು ಹಚ್ಚಿ ಫಲವೇನೆಂದು ಗೆಳೆಯರೊಬ್ಬರು ವಾದಿಸಿದರು. ವಂಶದಿಂದ ಬಂದುದನ್ನು ತೆಗೆದುಹಾಕುವ ಔಷಧಿ ಇಲ್ಲವೆಂಬುದು ದಿಟ. ಆದರೂ ಕಾರಣ ತಿಳಿದ ಮೇಲೆ ಏಡಿ ತಿಂದ ತಪ್ಪು ಯಾರ ತಲೆಯ ಮೇಲೂ ಉಳಿಯುವುದಿಲ್ಲ. ಕೀಲು ಪೂರ್ತಿ ಸವೆದವರಿಗೆ ಕೃತಕ ಕೀಲು ಕೂಡಿಸುವ ಶಸ್ತ್ರಕ್ರಿಯೆ ಈಗ ಉಂಟು. ಅದನ್ನು ಯಾರಿಗೆ, ಯಾವಾಗ ಮಾಡಬೇಕೆಂದು ಹೇಳುವುದೂ ಚಿತ್ರವೇ. ಮನೆತನದಲ್ಲಿ ರೋಗವಿರುವ ಹುಡುಗನೊಬ್ಬನ ಸೊಂಟ ಕೆಡುತ್ತಿರುವುದು ಹೈಸ್ಕೂಲಿನಲ್ಲಿಯೇ ತಿಳಿದರೆ, ನೇಗಿಲನ್ನೂ ಹೊರೆಯನ್ನೂ ಬಿಟ್ಟು ಕುಳಿತು ದುಡಿಯುವ ವಿದ್ಯೆಯೊಂದನ್ನು ಅವನಿಗೆ ಕಲಿಸಬಹುದು. ಸರಕಾರವು 2021ರಲ್ಲಿ ಅಪರೂಪದ ರೋಗಗಳಿಗೆಂದು ಒಂದು ರಾಷ್ಟ್ರೀಯ ನೀತಿಯನ್ನೇ ಹೊರಡಿಸಿದೆ. ದೇಶದ ಲೆಕ್ಕದಲ್ಲಿ ಈ ರೋಗ ಅಪರೂಪವೇ ಸರಿ; ಆ ಕೇರಿಗಳ ಲೆಕ್ಕದಲ್ಲಿ ಅಲ್ಲ.

ಸಾಗರದಲ್ಲಿ ತೆಗೆದ ಚಿತ್ರವನ್ನು ಬೆಂಗಳೂರಿನ ತಜ್ಞರು ಅದೇ ಗಳಿಗೆಯಲ್ಲಿ ತಮ್ಮ ಮೇಜಿನ ಮೇಲೆ ನೋಡಬಹುದಾದ ಕಾಲ ಇದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೆತನವಾರು ಒಂದು ದಫ್ತರ, ಹಳೆಯ ಚಿತ್ರಗಳಿಗೊಂದು ಕಪಾಟು, ಪ್ರತಿ ಚಿತ್ರದ ಜೊತೆಗೆ ಕನ್ನಡದಲ್ಲಿ ಹತ್ತು ಸಾಲು: ನಾನು ಕೇಳುವುದು ಇಷ್ಟನ್ನೇ. ಹತ್ತು ಸಾಲು ಬರೆಯುವಷ್ಟು ಪುರಸೊತ್ತು ವೈದ್ಯರಿಗಿಲ್ಲವಾದರೆ, ಅವರು ಹೇಳಿದ್ದನ್ನು ಬರೆದುಕೊಳ್ಳಲು ನಮ್ಮಂತಹ ಬಿ. ಎ. ಓದಿದವರು ಊರೂರಿನಲ್ಲೂ ಕೆಲಸವಿಲ್ಲದೆ ಕುಳಿತಿದ್ದೇವೆ.