ಬೆಲ್ಲದ ಒಲೆಗೆ ಟೈರು ಯಾಕೆ ಬೇಕು?

ಮಂಡ್ಯ ಜಿಲ್ಲೆಯಲ್ಲಿ ಬಸ್ಸಿನಲ್ಲಿ ಓಡಾಡುವವರಿಗೆ ಎರಡು ವಾಸನೆ ಗೊತ್ತು. ಒಂದು, ಪಾಕ ಹದಕ್ಕೆ ಬಂದ ಬೆಲ್ಲದ ಘಮ. ಕಿಟಕಿ ಪಕ್ಕ ಕೂತವರ ಬಾಯಲ್ಲಿ ನೀರೂರುತ್ತೆ. ಇನ್ನೊಂದು, ಸುಟ್ಟ ರಬ್ಬರಿನ ನಾತ. ಕಿಟಕಿ ಮುಚ್ಚಿ ಮೂಗಿಗೆ ಕರ್ಚೀಫು ಹಿಡೀಬೇಕಾಗುತ್ತೆ. ಕೆಲವು ಕಡೆ ಈ ಎರಡೂ ಒಂದೇ ಆಲೆಮನೆಯಿಂದ ಬರುತ್ತಿರುವುದು ನಮ್ಮ ಜಿಲ್ಲೆಯ ದುರದೃಷ್ಟ.

ಆಲೆಮನೆಯವರೆಲ್ಲ ಟೈರು ಸುಡುತ್ತಾರೆ ಎಂದು ನಾವು ಹೇಳುತ್ತಿಲ್ಲ. ಅಪ್ಪ ತಾತನ ಕಾಲದಿಂದ ಬರೀ ಕಬ್ಬಿನ ಸಿಪ್ಪೆಯಲ್ಲೇ ಒಲೆ ಉರಿಸಿಕೊಂಡು ಬಂದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಸಿಪ್ಪೆ ಸಾಲದೆ ಬಂದಾಗ, ಮಳೆಗೆ ನೆಂದು ಹೋದಾಗ, ಸೌದೆ ರೇಟು ಏರಿದಾಗ, ಹಳೇ ಟೈರು, ಪ್ಲಾಸ್ಟಿಕ್ಕು, ಚಪ್ಪಲಿ ಚೂರು ಒಲೆ ಸೇರುವ ಕೆಟ್ಟ ಚಾಳಿ ಬಂದಿದೆ. ಅದೇ ಹೊಗೆ ಪಕ್ಕದ ಮನೆಯ ಮಗುವಿನ ಎದೆಗೂ ಇಳಿಯುತ್ತೆ, ತೆರೆದ ಕೊಪ್ಪರಿಗೆಯ ಮೇಲೂ ಹಾಯುತ್ತೆ.

ಪ್ರಶ್ನೆ ಇಷ್ಟೇ. ಸಿಪ್ಪೆ ನಿಜವಾಗಿ ಸಾಲೋದಿಲ್ಲವೆ?

ಲೆಕ್ಕ ಹಾಕೋಣ. ಒಂದು ಟನ್ ಕಬ್ಬು ಗಾಣಕ್ಕೆ ಕೊಟ್ಟರೆ ಹೆಚ್ಚೂ ಕಡಿಮೆ 600 ಕೆ.ಜಿ. ರಸ ಬರುತ್ತೆ. ಅದು ಕುದ್ದು ಬೆಲ್ಲವಾದಾಗ ಸಿಗೋದು ಸುಮಾರು 100 ಕೆ.ಜಿ. ಅಂದರೆ ಉಳಿದ 500 ಲೀಟರಷ್ಟು ನೀರನ್ನು ಬೆಂಕಿ ಹಾಕಿ ಆವಿ ಮಾಡಿ ಮಾಡಿನ ಸಂದಿಯಿಂದ ಹೊರಗೆ ಕಳಿಸಿದ ಹಾಗಾಯಿತು. ತಣ್ಣೀರು ಕುದಿ ಬರೋಕೆ ಬೇಕಾದ ಶಾಖಕ್ಕಿಂತ, ಕುದಿಯುವ ನೀರು ಪೂರ್ತಿ ಆವಿಯಾಗಿ ಹೋಗೋಕೆ ಸುಮಾರು 7 ಪಟ್ಟು ಶಾಖ ಬೇಕು. ಬೆಲ್ಲ ಮಾಡೋದು ಅಂದರೆ ಮುಖ್ಯವಾಗಿ ನೀರು ಓಡಿಸೋ ಕೆಲಸ. ಸಿಪ್ಪೆ ಖರ್ಚಾಗೋದು ಅಲ್ಲಿ.

ಇನ್ನು ಉಳಿದ 400 ಕೆ.ಜಿ. ಹಸಿ ಸಿಪ್ಪೆಯ ಕಡೆ ನೋಡಿ. ಅದರಲ್ಲಿ ಅರ್ಧ ನೀರೇ ಇರುತ್ತೆ. ಹಾಗಿದ್ದೂ ಆ 500 ಲೀಟರ್ ನೀರನ್ನು ಓಡಿಸೋಕೆ ಬೇಕಾದ ಶಾಖದ ಸುಮಾರು ಎರಡರಷ್ಟು ಆ ಸಿಪ್ಪೆಯಲ್ಲೇ ಅಡಗಿದೆ. ಚೆನ್ನಾಗಿ ಒಣಗಿಸಿದರೆ ಇನ್ನೂ ಸ್ವಲ್ಪ ಹೆಚ್ಚೇ. ಆದರೂ ಸಾಲೋದಿಲ್ಲ ಅಂದರೆ ಅರ್ಧಕ್ಕಿಂತ ಹೆಚ್ಚು ಶಾಖ ಕೊಪ್ಪರಿಗೆಗೆ ಮುಟ್ಟದೆ ಬೇರೆಲ್ಲೋ ಹೋಗ್ತಾ ಇದೆ ಅಂತಲೇ ಅರ್ಥ. ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಹುಯ್ದರೇನು?

ತೂತು ಎಲ್ಲೆಲ್ಲಿ ಅಂತ ಆಲೆಮನೆಯಲ್ಲಿ ಒಂದು ಗಳಿಗೆ ನಿಂತರೆ ಕಾಣುತ್ತೆ. ಒಲೆ ಬಾಯಿ ಸದಾ ತೆರೆದೇ ಇರುತ್ತೆ, ಬೇಡದ ತಣ್ಣನೆ ಗಾಳಿ ಒಳಗೆ ನುಗ್ಗಿ ಬೆಂಕಿಯ ಬಿಸಿ ತಿಂದು ಹೋಗುತ್ತೆ. ಕೆಳಗೆ ಜಾಲರಿ ಇಲ್ಲದ್ದರಿಂದ ಗಾಳಿ ಬೇಕಾದ ಕಡೆ ಮಾತ್ರ ಬರೋದಿಲ್ಲ, ಸಿಪ್ಪೆ ಬೂದಿಯಲ್ಲಿ ಹೂತು ಅರೆಬರೆ ಬೇಯುತ್ತೆ. ಚಿಮಣಿಯಿಂದ ಏಳುವ ಕರೀ ಹೊಗೆ ಬೇರೇನೂ ಅಲ್ಲ, ಉರಿಯದೆ ಹಾಳಾದ ಉರುವಲು. ಒಂದೇ ಕೊಪ್ಪರಿಗೆ ಇರೋ ಕಡೆ ಬೆಂಕಿಯ ಜ್ವಾಲೆ ಅದರ ತಳ ಸವರಿ ನೇರವಾಗಿ ಆಕಾಶ ಸೇರುತ್ತೆ.

ಇದೇ ಜಿಲ್ಲೆಯಲ್ಲಿ 1930ರ ದಶಕದಿಂದ ಸಕ್ಕರೆ ಕಾರ್ಖಾನೆ ಇದೆ. ಸಕ್ಕರೆ ಕಾರ್ಖಾನೆಗಳಲ್ಲಿ ರಸ ಇಂಗಿಸುವ ರೀತಿಯೇ ಬೇರೆ. ಮೊದಲ ಪಾತ್ರೆಯಿಂದ ಎದ್ದ ಆವಿ ಎರಡನೆಯದನ್ನು ಕಾಯಿಸುತ್ತೆ, ಎರಡನೆಯದರ ಆವಿ ಮೂರನೆಯದನ್ನು. ಒಂದೇ ಶಾಖಕ್ಕೆ ಮೂರು ನಾಲ್ಕು ಸಲ ದುಡಿಮೆ. ಹಾಗಾಗಿ ಸಿಪ್ಪೆ ಉಳಿಯುತ್ತೆ, ಅದರಿಂದ ಕರೆಂಟು ತೆಗೆದು ಮಾರುವ ಕಾರ್ಖಾನೆಗಳೂ ಇವೆ. ಅಷ್ಟು ದೊಡ್ಡ ಯಂತ್ರ ನಮ್ಮ ರೈತನ ಕೈಗೆ ಎಟುಕೋದಲ್ಲ, ಒಪ್ಪೋಣ. ಆದರೆ ಬುದ್ಧಿ ಎಟುಕಬಾರದೆ?

ಎಟುಕುತ್ತೆ ಅನ್ನೋದಕ್ಕೆ ಕರ್ನಾಟಕದಲ್ಲೇ ಸಾಕ್ಷಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಮುಚ್ಚಿದ ಉರಿಗೂಡು, ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆ ಕೊಳವೆ. ಅದರ ಗುಟ್ಟು ಇಷ್ಟೇ: ಬೆಂಕಿಯನ್ನು ಬೀದಿಗೆ ಬಿಡಬೇಡ, ಒಂದು ಪಾತ್ರೆ ಬಿಟ್ಟ ಬಿಸಿಯನ್ನು ಮುಂದಿನ ಪಾತ್ರೆ ಹಿಡಿಯಲಿ.

ಆಲೆಮನೆಗೂ ಅದೇ ಮಂತ್ರ. ಒಲೆ ಬಾಯಿಗೆ ಒಂದು ಕಬ್ಬಿಣದ ಬಾಗಿಲು. ಕೆಳಗೆ ಜಾಲರಿ. ಗೋಡೆಗೆ ಬಿಸಿ ತಡೆಯುವ ಇಟ್ಟಿಗೆ. ದೊಡ್ಡ ಕೊಪ್ಪರಿಗೆ ದಾಟಿ ಬರುವ ಬಿಸಿಗಾಳಿಯ ದಾರಿಯಲ್ಲಿ ಇನ್ನೊಂದು ಕೊಪ್ಪರಿಗೆ ಕೂರಿಸಿದರೆ ಮುಂದಿನ ಅಡಿಗೆಯ ರಸ ಅಲ್ಲೇ ಕಾದಿರುತ್ತೆ. ಸಿಪ್ಪೆಗೆ ಮಳೆ ತಾಗದಂತೆ ಒಂದು ಚಪ್ಪರ. ನಾಲ್ಕಾರು ಸಲ ಸುತ್ತಿಸಿದ ಹಳೇ ಮೋಟಾರಿದ್ದರೆ ಅದು ನುಂಗುವ ಕರೆಂಟಿನ ಕಡೆಗೂ ಒಂದು ಕಣ್ಣಿರಲಿ. ಇದರಲ್ಲಿ ಯಾವುದೂ ವಿದೇಶದಿಂದ ತರಬೇಕಾದ್ದಲ್ಲ. ಊರಿನ ಗಾರೆಯವನು, ಕುಲುಮೆಯವನು ಮಾಡೋ ಕೆಲಸ.

ಇದರಿಂದ ಹವಾಮಾನಕ್ಕೇನು ಅಂತ ಕೇಳಬಹುದು. ಕಬ್ಬಿನ ಸಿಪ್ಪೆ ಉರಿದಾಗ ಹೊರಡುವ ಇಂಗಾಲ, ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ್ದೇ. ಮುಂದಿನ ಕೂಳೆ ಬೆಳೆ ಅದನ್ನು ಮತ್ತೆ ಹೀರಿಕೊಳ್ಳುತ್ತೆ. ಸಾಲ ತಂದು ಸಾಲ ತೀರಿಸಿದ ಹಾಗೆ. ಟೈರು, ಪ್ಲಾಸ್ಟಿಕ್ಕಿನ ಇಂಗಾಲ ಬಹುಪಾಲು ನೆಲದಡಿಯ ಎಣ್ಣೆಯದು. ಮೇಲೆ ಹೋದದ್ದನ್ನು ತಿರುಗಿ ಹೀರುವ ಬೆಳೆ ಯಾವ ಗದ್ದೆಯಲ್ಲೂ ಇಲ್ಲ. ಸ್ವಚ್ಛವಾಗಿ ನಡೆಯಬಲ್ಲ ಕಸುಬನ್ನು ಒಂದು ಕೆಟ್ಟ ಒಲೆಯ ದೆಸೆಯಿಂದ ಕೊಳಕು ಮಾಡಿಕೊಂಡಿದ್ದೇವೆ.

ಸರ್ಕಾರದವರ ಲೆಕ್ಕ ದೊಡ್ಡವರಿಗೆ ಮಾತ್ರ. ಇಂಧನ ಉಳಿತಾಯದ ಕಾಯಿದೆ 2001ರಲ್ಲಿ ಬಂತು. ಸಿಮೆಂಟು, ಉಕ್ಕಿನಂಥ ಭಾರಿ ಕಾರ್ಖಾನೆಗಳಿಗೆ ಇಷ್ಟಿಷ್ಟು ಉಳಿಸಲೇಬೇಕೆಂದು ಗುರಿ ಕೊಡುವ ಯೋಜನೆ 2012ರಲ್ಲಿ ಶುರುವಾಯಿತು. ಆಲೆಮನೆ ಆ ಪಟ್ಟಿಗೆ ಸೇರುವಷ್ಟು ದೊಡ್ಡದಲ್ಲ. 2020ರಲ್ಲಿ ಸಣ್ಣ ಆಹಾರ ಘಟಕಗಳಿಗೆಂದು ಬಂದ ಕೇಂದ್ರದ ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲವನ್ನೇ ಆರಿಸಿದರು. ಶೇಕಡ 35ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ ಎಂದರು. ಸಂತೋಷ. ಆದರೆ ಡಬ್ಬಿ, ಲೇಬಲ್ಲು, ಪ್ಯಾಕಿಂಗಿನ ಬಗ್ಗೆ ಆಡಿದಷ್ಟು ಮಾತನ್ನು ಒಲೆಯ ಬಗ್ಗೆ ಆಡಿದವರು ಯಾರು?

ದಾಳಿ ಮಾಡಿ ದಂಡ ಹಾಕೋದು ಬೇಡ ಅನ್ನೋದಿಲ್ಲ. ಟೈರು ಸುಡುವವರಿಗೆ ಯಾವ ರಿಯಾಯಿತಿಯೂ ಸಲ್ಲದು. ಆದರೆ ಒಲೆ ಹಾಗೇ ಇದ್ದರೆ ಜೀಪು ತಿರುಗಿ ಹೋದ ವಾರಕ್ಕೆ ಟೈರು ವಾಪಸು ಬರುತ್ತೆ. ದಂಡ ಕಟ್ಟಲಾರದ ಸಣ್ಣವನು ಬಾಗಿಲು ಮುಚ್ಚುತ್ತಾನೆ, ತಾಕತ್ತಿದ್ದವನು ಉಳಿಯುತ್ತಾನೆ. ಅದರಿಂದ ಹೊಗೆ ನಿಲ್ಲೋದಿಲ್ಲ, ಕಸುಬು ನಿಲ್ಲುತ್ತೆ.

ಆದ್ದರಿಂದ ಜಿಲ್ಲಾಡಳಿತ ಮೀನಮೇಷ ಎಣಿಸದೆ ಮೂರು ಕೆಲಸ ಮಾಡಲಿ. ವಿ.ಸಿ. ಫಾರಂನ ಕೃಷಿ ವಿಜ್ಞಾನಿಗಳನ್ನು ಕರೆದು ಹೋಬಳಿಗೊಂದು ಮಾದರಿ ಒಲೆ ಕಟ್ಟಿಸಲಿ. ಕಾಗದದ ಮೇಲೆ ಅಲ್ಲ, ನಡೆಯುವ ಆಲೆಮನೆಯಲ್ಲೇ ಆಗಲಿ. ಒಲೆ ರಿಪೇರಿಗೆ ಸಹಕಾರ ಸಂಘಗಳಲ್ಲಿ ಸಣ್ಣ ಸಾಲ ಸಿಗಲಿ, ಉಳಿದ ಸಿಪ್ಪೆ ಮಾರಿ ತೀರಿಸಲಿ. ಹಳೇ ಟೈರು ಯಾವ ಗುಜರಿಯಿಂದ ಹೊರಟು ಯಾವ ಒಲೆ ಸೇರುತ್ತೆ ಅನ್ನೋದನ್ನು ದಾರಿಯಲ್ಲೇ ತಡೆಯಲಿ.

ಅಂಗಡಿಯವರಿಗೂ ಒಂದು ಮಾತು. ಕುರಿಕಾಲಚ್ಚಾಗಲಿ, ಬಕೆಟ್ ಬೆಲ್ಲವಾಗಲಿ, ಲೋಡು ಇಳಿಸುವಾಗ ಬಣ್ಣ ನೋಡುತ್ತೀರಿ, ತೂಕ ನೋಡುತ್ತೀರಿ. ಜೊತೆಗೆ 'ಯಾವ ಉರಿಯಲ್ಲಿ ಕಾಸಿದ್ದಪ್ಪಾ?' ಅಂತ ಒಂದು ಪ್ರಶ್ನೆ ಕೇಳಿ. ಸಿಪ್ಪೆ ಬೆಂಕಿಯ ಬೆಲ್ಲಕ್ಕೆ ನಾಲ್ಕು ಕಾಸು ಹೆಚ್ಚು ಕೊಡಿ. ಮಂಡ್ಯದ ಬೆಲ್ಲ ಅಂದರೆ ಗಿರಾಕಿ ಮೂಗು ಮುರಿಯುವ ದಿನ ಬಂದರೆ ನಷ್ಟ ಆಲೆಮನೆಯವನಿಗೆ ಮಾತ್ರವಲ್ಲ, ನಿಮ್ಮ ಗಲ್ಲಕ್ಕೂ.