ಹಬ್ಬದ ವೇದಿಕೆಯಲ್ಲಿ ಕೊಬ್ಬು ಕರಗಿಸುವವರ ಬ್ಯಾನರ್ ಬೇಡ



ನಮ್ಮ ಚರ್ಚಿನ ವಾರ್ಷಿಕ ಹಬ್ಬದ ಸಾಂಸ್ಕೃತಿಕ ಸಂಜೆಗೆ ಪ್ರಾಯೋಜಕರನ್ನು ಹುಡುಕುವ ಕೆಲಸ ಶುರುವಾಗಿದೆ. ಈ ಸಲ ಎಲ್ಲರಿಗಿಂತ ದೊಡ್ಡ ಮೊತ್ತ ಕೊಡುತ್ತೇವೆ ಎಂದು ಮುಂದೆ ಬಂದದ್ದು ಗಡಿಯಾಚೆ ಮಂಗಳೂರಿನ ಒಂದು ಸ್ಲಿಮ್ಮಿಂಗ್ ಕ್ಲಿನಿಕ್. ಪ್ರತಿಯಾಗಿ ಅವರು ಕೇಳಿದ್ದು ಎರಡೇ: ವೇದಿಕೆಯ ಹಿಂದೆ ಬ್ಯಾನರ್, ಮತ್ತು ಮದುವೆ ನಿಶ್ಚಯವಾದ ಹುಡುಗ ಹುಡುಗಿಯರಿಗೆ ಹಂಚಲು ‘ಬ್ರೈಡಲ್ ಪ್ಯಾಕೇಜ್’ ಕೂಪನ್. ಸಮಿತಿಯಲ್ಲಿ ಹೆಚ್ಚಿನವರು “ಸೌಂಡು, ಲೈಟಿನ ಖರ್ಚು ಪೂರಾ ಹೋಗುತ್ತದಲ್ಲ, ಏನು ತೊಂದರೆ?” ಅಂದರು. ತೊಂದರೆ ಇದೆ. ಮುಂದಿನ ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಸಭೆ. ಅಷ್ಟರೊಳಗೆ ಎಲ್ಲರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅವರು ಕೊಟ್ಟ ಕರಪತ್ರ ನನ್ನ ಮುಂದಿದೆ. ‘ಕತ್ತಿ ಇಲ್ಲ, ನೋವಿಲ್ಲ, 30 ದಿನದಲ್ಲಿ ಮದುವೆಗೆ ರೆಡಿ.’ ಬೆಲೆ ಎಲ್ಲೂ ಬರೆದಿಲ್ಲ, ಇಎಂಐ ಎಷ್ಟೆಂದು ಮಾತ್ರ ಇದೆ. ಕೆಳಗೆ ಐದು ಚಿಕಿತ್ಸೆಗಳ ಹೆಸರು, ಎಲ್ಲದರ ಎದುರೂ ಒಂದೇ ಹೊಗಳಿಕೆ. ಆ ಐದೂ ಒಂದೇ ಅಲ್ಲ. ವಿಜ್ಞಾನದ ಪಾಠವೆಂದು ಹೆದರಬೇಡಿ, ನಿಧಾನವಾಗಿ ಓದಿ.

ಮೊದಲನೆಯದು ಕೊಬ್ಬು ಹೆಪ್ಪುಗಟ್ಟಿಸುವುದು, ಕ್ರಯೋಲಿಪಾಲಿಸಿಸ್. ಇದರ ಹುಟ್ಟು ಸ್ವಾರಸ್ಯದ್ದು. ಐಸ್‌ಕ್ಯಾಂಡಿಯನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಮಗುವಿನ ಕೆನ್ನೆಯೊಳಗಿನ ಕೊಬ್ಬು ಉರಿಯೂತಕ್ಕೆ ಒಳಗಾದದ್ದನ್ನು 1970ರಲ್ಲಿ ಅಮೆರಿಕದ ವೈದ್ಯರು ಬರೆದಿಟ್ಟಿದ್ದರು. ಚಳಿಗೆ ಚರ್ಮಕ್ಕಿಂತ ಮೊದಲು ಕೊಬ್ಬಿನ ಕೋಶ ಸೋಲುತ್ತದೆ ಎಂಬ ಆ ಎಳೆಯನ್ನೇ ಹಿಡಿದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮ್ಯಾನ್‌ಸ್ಟೈನ್ ಮತ್ತು ಆ್ಯಂಡರ್ಸನ್ ಈ ವಿಧಾನವನ್ನು ರೂಪಿಸಿದರು. 2010ರಲ್ಲಿ ಕೂಲ್‌ಸ್ಕಲ್ಪ್ಟಿಂಗ್ ಯಂತ್ರಕ್ಕೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಮೊದಲು ಸೊಂಟದ ಎರಡು ಬದಿಗೆ ಮಾತ್ರ. ಚರ್ಮದ ಮಡಿಕೆಯನ್ನು ಯಂತ್ರದ ಬಾಯಿ ಹೀರಿ ಹಿಡಿದು ಮುಕ್ಕಾಲು ಗಂಟೆಯ ಆಸುಪಾಸು ತಣ್ಣಗಿಡುತ್ತದೆ. ಕೊಬ್ಬಿನ ಕೋಶಗಳು ಆ ಹೊತ್ತಿಗೆ ಕರಗುವುದಿಲ್ಲ. ನಿಧಾನವಾಗಿ ಸಾಯುತ್ತವೆ, ಸತ್ತವನ್ನು ದೇಹದ ರಕ್ಷಕ ಕೋಶಗಳು ವಾರಗಟ್ಟಲೆ ಹೊತ್ತು ಸಾಗಿಸುತ್ತವೆ. ಫಲ ಕಾಣಲು 2ರಿಂದ 3 ತಿಂಗಳು ಬೇಕು. ಕರಪತ್ರದ ‘30 ದಿನ’ ಅಲ್ಲಿಗೇ ಬಿತ್ತು.

ಕೋಶ ಸತ್ತರೂ ಎಷ್ಟು ಇಳಿಯುತ್ತದೆ? ಎಲ್ಲ ಸರಿಯಾಗಿ ನಡೆದರೆ, ಹಿಡಿದ ಜಾಗದ ಕೊಬ್ಬಿನ ಪದರದಲ್ಲಿ ನೂರಕ್ಕೆ 20ರಿಂದ 25. ಅಂದರೆ 4 ಸೆಂಟಿಮೀಟರ್ ದಪ್ಪ ಇದ್ದದ್ದು ಸುಮಾರು 3 ಆಗುತ್ತದೆ. ಸುಳ್ಳಲ್ಲ, ಇಳಿಯುತ್ತದೆ. ಆದರೆ ತಕ್ಕಡಿಯ ಮುಳ್ಳು ಅಲ್ಲಾಡುವುದಿಲ್ಲ. ಇದು ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ. ಆಗಲೇ ತೂಕ ಹದದಲ್ಲಿದ್ದು, ಒಂದೆರಡು ಕಡೆ ಹಠ ಮಾಡಿ ಕೂತ ಮಡಿಕೆ ಇರುವವರಿಗೆ ಮಾಡಿದ್ದು. ಕರಪತ್ರದ ಚಿತ್ರದಲ್ಲಿ ಇರುವುದು ಬೇರೆಯೇ: ‘ಮೊದಲು’ ಎಂಬಲ್ಲಿ ತುಂಬಾ ದಪ್ಪದ ಹೆಂಗಸು, ‘ನಂತರ’ ಎಂಬಲ್ಲಿ ತೆಳ್ಳಗಿನ ಇನ್ನೊಬ್ಬಳು. ಇಬ್ಬರ ಕಿವಿಯ ಆಕಾರ ನೋಡಿದರೆ ಸಾಕು.

ಇನ್ನು ಬಿಸಿಯ ದಾರಿಗಳು. 1060 ನ್ಯಾನೋಮೀಟರ್ ಲೇಸರಿನ ಸ್ಕಲ್ಪ್‌ಶೂರ್‌ಗೆ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಕೊಬ್ಬನ್ನು 42ರಿಂದ 47 ಡಿಗ್ರಿಯ ನಡುವೆ 25 ನಿಮಿಷ ಇಡುತ್ತದೆ. ರೇಡಿಯೋ ಫ್ರೀಕ್ವೆನ್ಸಿ ಎನ್ನುವುದೂ ಬಿಸಿಯೇ, ಚರ್ಮ ಸ್ವಲ್ಪ ಬಿಗಿಯಾಗುವುದು ಅದರಲ್ಲಿ ಹೆಚ್ಚು. ಅಲ್ಟ್ರಾಸೌಂಡನ್ನು ಒಂದು ಬಿಂದುವಿಗೆ ಒಟ್ಟುಗೂಡಿಸಿ ಸುಡುವ ಹೈಫು ಇದೆ, ನೋವು ಇದ್ದೇ ಇದೆ. ಈ ಮೂರರಲ್ಲೂ ಫಲ ಚಳಿಯ ವಿಧಾನದ ಆಸುಪಾಸಿನಲ್ಲೇ ಅಥವಾ ಅದಕ್ಕಿಂತ ಕಡಿಮೆ. ಇದು ಉತ್ತಮ, ಅದು ಅಧಮ ಎಂದು ಕ್ಲಿನಿಕ್‌ಗಳು ಜಗಳವಾಡುವುದು ಬಹುಪಾಲು ಯಾರ ಹತ್ತಿರ ಯಾವ ಯಂತ್ರ ಇದೆ ಎಂಬುದರ ಮೇಲೆ. 2018ರಲ್ಲಿ ಬಂದ ಎಮ್‌ಸ್ಕಲ್ಪ್ಟ್ ಬೇರೆ ಜಾತಿ. ಅಯಸ್ಕಾಂತದ ಅಲೆಗಳಿಂದ ಅರ್ಧ ಗಂಟೆಯಲ್ಲಿ ಸ್ನಾಯುವನ್ನು ಸುಮಾರು 20,000 ಸಲ ಕುಗ್ಗಿಸುತ್ತದೆ. ಸ್ನಾಯು ಗಟ್ಟಿಯಾಗುತ್ತದೆ ನಿಜ, ಬಿಟ್ಟರೆ ಮತ್ತೆ ಸಡಿಲ, ಜಿಮ್ ಬಿಟ್ಟ ಹಾಗೆಯೇ. ಬೆಲ್ಟ್ ಕಟ್ಟಿ ಬೆವರಿಸುವ ಬಗ್ಗೆ ಬರೆಯುವುದೇ ದಂಡ. ಹೋಗುವುದು ನೀರು, ಎರಡು ಲೋಟ ಗಂಜಿತಿಳಿ ಕುಡಿದರೆ ವಾಪಸ್.

ನನಗೆ ನಿಜವಾಗಿ ಹೆದರಿಕೆ ಇರುವುದು ಐದನೆಯದರ ಬಗ್ಗೆ, ಗಲ್ಲದ ಕೆಳಗೆ ಚುಚ್ಚುವ ಇಂಜೆಕ್ಷನ್. ಡಿಯೋಕ್ಸಿಕೋಲಿಕ್ ಆಸಿಡ್ ಎನ್ನುವುದು ಪಿತ್ತರಸದಲ್ಲಿರುವ ವಸ್ತು, ಕೊಬ್ಬಿನ ಕೋಶದ ಹೊರಪದರವನ್ನು ಒಡೆಯುತ್ತದೆ. 2015ರಲ್ಲಿ ಎಫ್‌ಡಿಎ ಒಪ್ಪಿದ್ದು ಗಲ್ಲದ ಕೆಳಗಿನ ಕೊಬ್ಬಿಗೆ ಮಾತ್ರ. ಹೊಟ್ಟೆ, ತೋಳಿಗೆ ಅಲ್ಲ. ಕೊಡುವ ಕೈ ಸ್ವಲ್ಪ ತಪ್ಪಿದರೆ ದವಡೆಯ ಅಂಚಿನ ನರಕ್ಕೆ ಪೆಟ್ಟಾಗಿ ನಗು ಒಂದು ಬದಿಗೆ ವಾಲುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೆ ಮದುವೆಯ ಫೋಟೋ ಆ ಕೆಲವು ವಾರಗಳ ಒಳಗೇ ಬಿದ್ದರೆ? ಇದೇ ಇಂಜೆಕ್ಷನ್ನನ್ನು ‘ಫ್ಯಾಟ್ ಡಿಸಾಲ್ವಿಂಗ್’ ಎಂಬ ಹೆಸರಿನಲ್ಲಿ, ಬಾಟಲಿಯಲ್ಲಿ ಏನಿದೆ ಎಂದೂ ಹೇಳದೆ, ಡಾಕ್ಟರಲ್ಲದವರು ಚುಚ್ಚುವುದುಂಟು. ಅಂಥ ಒಪ್ಪಿಗೆಯಿಲ್ಲದ ಇಂಜೆಕ್ಷನ್‌ಗಳ ಬಗ್ಗೆ ಎಫ್‌ಡಿಎ ಎಚ್ಚರಿಕೆಯನ್ನೂ ಕೊಟ್ಟಿದೆ.

ಸಮಿತಿಯಲ್ಲಿ ಒಬ್ಬರು ಹೇಳಿದ ಮಾತಿಗೆ ಉತ್ತರ ಕೊಡಲೇಬೇಕು. “ಆಪರೇಷನ್‌ಗಿಂತ ಇದು ವಾಸಿ ಅಲ್ವಾ?” 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ 21 ವರ್ಷದ ಕನ್ನಡ ಕಿರುತೆರೆ ನಟಿಯೊಬ್ಬರು ತೀರಿಹೋದದ್ದು ನಮಗೆಲ್ಲ ನೆನಪಿದೆ. ಆ ಸಾವಿನ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು ‘ಕತ್ತಿ ಇಲ್ಲ’ ಎನ್ನುತ್ತಾರೆ. ಪ್ರಾಣಾಪಾಯದ ಮಟ್ಟಿಗೆ ಯಂತ್ರ ವಾಸಿ, ಒಪ್ಪುತ್ತೇನೆ. ಅಪಾಯವೇ ಇಲ್ಲ ಅಂದರೆ ಒಪ್ಪುವುದಿಲ್ಲ. 1990ರ ದಶಕದ ಹೆಸರಾಂತ ಮಾಡೆಲ್ ಲಿಂಡಾ ಇವಾಂಜೆಲಿಸ್ಟಾ 2021ರಲ್ಲಿ ಜಗತ್ತಿಗೆ ಹೇಳಿದ್ದೇನು? ಕೂಲ್‌ಸ್ಕಲ್ಪ್ಟಿಂಗ್ ಮಾಡಿಸಿದ ಜಾಗಗಳಲ್ಲಿ ಕೊಬ್ಬು ಕಡಿಮೆಯಾಗುವ ಬದಲು ಗಟ್ಟಿಯಾಗಿ ಬೆಳೆಯಿತು, ವರ್ಷಗಟ್ಟಲೆ ಮನೆಯಿಂದ ಹೊರಬರಲಿಲ್ಲ ಎಂದು. ಕಂಪನಿಯ ಮೇಲೆ 5 ಕೋಟಿ ಡಾಲರಿನ ದಾವೆ ಹೂಡಿದರು, 2022ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಈ ತೊಂದರೆಗೆ ವೈದ್ಯರು ಇಟ್ಟ ಹೆಸರು ಪ್ಯಾರಡಾಕ್ಸಿಕಲ್ ಅಡಿಪೋಸ್ ಹೈಪರ್‌ಪ್ಲೇಸಿಯಾ. ಮೊದಲ ವರದಿ 2014ರದ್ದು. ಸಾವಿರಾರು ಸಲಕ್ಕೊಮ್ಮೆ ಎಂದು ತಯಾರಕರ ಲೆಕ್ಕ. ಆಮೇಲೆ ಬಂದ ವೈದ್ಯರ ವರದಿಗಳಲ್ಲಿ ಅದಕ್ಕಿಂತ ಹೆಚ್ಚು. ಅಪರೂಪವೇ ಇರಲಿ. ಆದರೆ ಆದವರಿಗೆ ಅದು ತಾನಾಗಿ ಇಳಿಯುವುದಿಲ್ಲ, ತೆಗೆಯಲು ಲೈಪೋಸಕ್ಷನ್ನೇ ಬೇಕು. ಕತ್ತಿ ತಪ್ಪಿಸಲು ಹೋದವರು ಕೊನೆಗೆ ಕತ್ತಿಯ ಕೆಳಗೇ ಮಲಗಬೇಕು. ಈ ಒಂದು ಸಾಲು ಆ ಬ್ಯಾನರಿನಲ್ಲಿ ಹಾಕುತ್ತಾರೆಯೇ ಎಂದು ಕೇಳಿನೋಡಿ.

ಇದೆಲ್ಲ ಒಳ್ಳೆಯ ಯಂತ್ರ, ತರಬೇತಿ ಇರುವ ಡಾಕ್ಟರು ಇದ್ದಾಗಿನ ಮಾತು. ಎಫ್‌ಡಿಎ ಒಪ್ಪಿಗೆ ಕೊಡುವುದು ಒಂದು ನಿರ್ದಿಷ್ಟ ಯಂತ್ರಕ್ಕೆ, ದೇಹದ ನಿರ್ದಿಷ್ಟ ಭಾಗಕ್ಕೆ. ‘ಎಫ್‌ಡಿಎ ಟೆಕ್ನಾಲಜಿ’ ಎಂದು ಬರೆದ ಮಾತ್ರಕ್ಕೆ ಆ ಹೆಸರು ಅಗ್ಗದ ನಕಲಿ ಯಂತ್ರಕ್ಕೆ ಅಂಟುವುದಿಲ್ಲ. ಉಷ್ಣತೆಯ ಹಿಡಿತ ಸರಿಯಿಲ್ಲದ ಯಂತ್ರ ಚರ್ಮವನ್ನೇ ಹಿಮಗಡಿತದಿಂದ ಸುಡುತ್ತದೆ. ಹರ್ನಿಯಾ ಇರುವವರಿಗೆ ಹೊಟ್ಟೆಯ ಮೇಲೆ ಇದನ್ನು ಇಡಬಾರದು, ಚಳಿಗೆ ರಕ್ತ ಕೆಡುವ ಕೆಲವು ಕಾಯಿಲೆಗಳಿದ್ದರೆ ಮುಟ್ಟಲೇಬಾರದು. ಇದನ್ನು ಕೇಳುವವರು ಯಾರು? ಕೂಪನ್ನಿನಲ್ಲಿರುವ ಮೊಬೈಲ್ ನಂಬರಿಗೆ ನಾನು ಫೋನ್ ಮಾಡಿದಾಗ ಮಾತಾಡಿದ್ದು ಡಾಕ್ಟರಲ್ಲ, ‘ಕೌನ್ಸಿಲರ್’. ಹರ್ನಿಯಾ ಎಂದರೇನು ಎಂದು ನನ್ನನ್ನೇ ಕೇಳಿದರು.

ಇನ್ನೊಂದು ವಿಷಯ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ನಮ್ಮನ್ನು ಕೊಲ್ಲುವ ಕೊಬ್ಬು ಚರ್ಮದ ಕೆಳಗಿನದಲ್ಲ, ಹೊಟ್ಟೆಯೊಳಗೆ ಕರುಳು, ಪಿತ್ತಜನಕಾಂಗದ ಸುತ್ತ ಕೂತದ್ದು. ಯಾವ ಯಂತ್ರದ ಬಾಯಿಯೂ ಅದನ್ನು ಹೀರಿ ಹಿಡಿಯಲಾರದು. 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಸ್ಯಾಮ್ಯುಯೆಲ್ ಕ್ಲೈನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಒಂದಿದೆ. ಬೊಜ್ಜಿದ್ದ 15 ಹೆಂಗಸರ ಹೊಟ್ಟೆಯಿಂದ ಲೈಪೋಸಕ್ಷನ್ ಮೂಲಕ ತಲಾ ಸುಮಾರು 10 ಕಿಲೋ ಕೊಬ್ಬು ತೆಗೆದರು. 10 ಕಿಲೋ! ಮೂರು ತಿಂಗಳ ಹೊತ್ತಿಗೆ ನೋಡಿದರೆ ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದರಲ್ಲಿ, ಬಿಪಿಯಲ್ಲಿ, ಕೊಲೆಸ್ಟರಾಲಿನಲ್ಲಿ ಹೇಳಿಕೊಳ್ಳುವ ಬದಲಾವಣೆ ಇಲ್ಲ. ಹೀಗಿರುವಾಗ ಒಂದು ಸೆಂಟಿಮೀಟರ್ ಇಳಿಸುವ ಯಂತ್ರವನ್ನು ‘ಆರೋಗ್ಯಕ್ಕಾಗಿ’ ಎಂದು ಮಾರುವುದು ಸುಳ್ಳು ಸಾಕ್ಷಿ. ನಮ್ಮ ಜನಕ್ಕೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ಸೊಂಟದಳತೆ ದಾಟಿದರೆ ಅಪಾಯ ಎನ್ನುತ್ತಾರೆ. ಕೇರಳ ದೇಶದಲ್ಲೇ ಮಧುಮೇಹ ಹೆಚ್ಚಿರುವ ರಾಜ್ಯಗಳಲ್ಲಿ ಒಂದು. ನಮ್ಮ ಪ್ರತಿ ವಾಳೆಯಲ್ಲೂ ಇನ್ಸುಲಿನ್ ಚುಚ್ಚಿಕೊಳ್ಳುವವರ ಮನೆ ಇದೆ. ಆ ಕಾಯಿಲೆಗೆ ಈ ಕೂಪನ್ ಮದ್ದಲ್ಲ.

ಕಾನೂನಿನ ಮಾತು ಒಂದು ಸಾಲಿನಲ್ಲಿ: ಯಾವ ಕಾಯಿಲೆಗಳಿಗೆ ಮದ್ದಿದೆ ಎಂದು ಜಾಹೀರಾತು ಕೊಡಬಾರದೋ ಅವುಗಳ ಪಟ್ಟಿ 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿದೆ, ಅದರಲ್ಲಿ ಬೊಜ್ಜೂ ಇದೆ. ಯಂತ್ರ ಮದ್ದು ಹೌದೋ ಅಲ್ಲವೋ ಎಂದು ವಕೀಲರು ವಾದಿಸಿಕೊಳ್ಳಲಿ, ನಾವು ಬ್ಯಾನರ್ ಕಟ್ಟಿಕೊಟ್ಟು ಆ ವಾದಕ್ಕೆ ಸಿಕ್ಕಿಬೀಳುವುದು ಬೇಡ.

ಈಗ ನಮ್ಮವರ ಕಡೆಗೆ ತಿರುಗುತ್ತೇನೆ. ಬ್ಯಾನರ್ ವಿರೋಧಿಸಿದ ಇಬ್ಬರು ಹಿರಿಯರು “ಇದೆಲ್ಲ ಜಂಬ, ದೇಹದ ಆಸೆ, ಪಾಪ” ಎಂದರು. ಆ ಬೆಂಬಲ ನನಗೆ ಬೇಡ. ಮಡಿಕೆ ಕಡಿಮೆ ಮಾಡಿಕೊಳ್ಳಬೇಕೆಂದು ಆಸೆಪಟ್ಟ ಹುಡುಗಿ ಪಾಪ ಮಾಡಿದವಳಲ್ಲ. ಕೂದಲಿಗೆ ಬಣ್ಣ ಹಚ್ಚಿ ಪೂಜೆಗೆ ಬರುವ ಗಂಡಸರನ್ನು ಯಾರೂ ಪಾಪಿ ಅನ್ನುವುದಿಲ್ಲವಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆಯುತ್ತಾ ದೇಹವನ್ನು ದೇವಾಲಯಕ್ಕೆ ಹೋಲಿಸಿದ್ದನ್ನು ಕ್ಲಿನಿಕ್ಕಿನವರೂ ಕರಪತ್ರದ ಹಿಂದೆ ಬಳಸಿಕೊಂಡಿದ್ದಾರೆ, ಬಯ್ಯುವ ಹಿರಿಯರೂ ಬಳಸುತ್ತಾರೆ. ಪೌಲರು ಸೊಂಟದಳತೆ ಕೇಳಿರಲಿಲ್ಲ.

ಆ ಆಸೆಯನ್ನು ಅವಳಲ್ಲಿ ಬಿತ್ತಿದವರು ಯಾರು? ಪೂಜೆ ಮುಗಿದು ಚರ್ಚಿನ ಮೆಟ್ಟಿಲಿಳಿಯುವಾಗ “ಏನಮ್ಮಾ, ಊದಿದ್ದೀಯಲ್ಲ, ಹುಡುಗ ಏನಾದರೂ ಹೇಳಿದನಾ?” ಎಂದು ಕೇಳುವ ಆಂಟಿಯಂದಿರು. ಗಲ್ಫಿನಿಂದ ವಿಡಿಯೋ ಕಾಲ್‌ನಲ್ಲಿ ಹುಡುಗಿಯನ್ನು ಎದ್ದು ನಿಲ್ಲಿಸಿ ನೋಡುವ ಗಂಡಿನ ಮನೆಯವರು. ರೋಸ್‌ನ ದಿನ ತೆಂಗಿನ ಹಾಲು ಹಚ್ಚುತ್ತಾ ಮದುಮಗಳ ತೋಳು ಹಿಡಿದು ತಮಾಷೆ ಮಾಡುವ ನಾವೇ ಗೆಳತಿಯರು, ಸೋದರತ್ತೆಯರು. ಕ್ಲಿನಿಕ್ ಈ ಮಾತುಗಳ ಬೆಳೆಯನ್ನು ಕೊಯ್ಯುತ್ತದೆ ಅಷ್ಟೆ. ಹುಡುಗರೂ ಹೊರತಲ್ಲ. ಎದೆ ದಪ್ಪಗಿದೆ ಎಂಬ ಗೇಲಿಗೆ ಹೆದರಿ ಹೊಳೆಯಲ್ಲಿ ಅಂಗಿ ಬಿಚ್ಚದವರು ನಮ್ಮ ಘಟಕದಲ್ಲೇ ಇದ್ದಾರೆ. ಆ ಕೂಪನ್ನನ್ನು ಹಬ್ಬದ ದಿನ ಚರ್ಚಿನ ಹೆಸರಿನಲ್ಲಿ ಅವರ ಕೈಗೆ ಕೊಟ್ಟರೆ ಏನರ್ಥ? ನಿನ್ನ ದೇಹ ಹೀಗಿದ್ದರೆ ನಡೆಯದು ಎಂದು ಇಷ್ಟು ದಿನ ಜನ ಹೇಳುತ್ತಿದ್ದರು, ಇನ್ನು ಮೇಲೆ ಚರ್ಚೂ ಹೇಳಿದ ಹಾಗೆ. ಮದುವೆಯ ಸಾಲದ ಜೊತೆ ಈ ಇಎಂಐಯೂ ಸೇರಿದರೆ ತೀರಿಸುವುದು ಆ ಕ್ಲಿನಿಕ್ಕೂ ಅಲ್ಲ, ಸಮಿತಿಯೂ ಅಲ್ಲ.

“ಅವರವರ ದುಡ್ಡು, ಅವರವರ ಇಷ್ಟ” ಎಂಬ ವಾದವೂ ಬಂತು. ಸರಿ. ಇಷ್ಟ ಇದ್ದವರು ಚರ್ಮರೋಗ ತಜ್ಞರ ಹತ್ತಿರ ಹೋಗಲಿ. ಯಂತ್ರದ ಹೆಸರು, ಕಂಪನಿ ಕೇಳಲಿ, ತೊಂದರೆಗಳ ಪಟ್ಟಿ ಬರಹದಲ್ಲಿ ಪಡೆಯಲಿ, ಕೆಟ್ಟರೆ ಸರಿಪಡಿಸುವ ಖರ್ಚು ಯಾರದ್ದು ಎಂದು ಮೊದಲೇ ಕೇಳಲಿ. ಮದುವೆಗೆ ಆರು ತಿಂಗಳಾದರೂ ಇರಲಿ. ನಾನು ತಡೆಯುವುದಿಲ್ಲ. ನಾನು ತಡೆಯಬೇಕೆನ್ನುವುದು ಬ್ಯಾನರನ್ನು.

ಹಣದ ಪ್ರಶ್ನೆ ಉಳಿಯಿತು. ಎಲ್‌ಇಡಿ ಪರದೆ ಬಿಟ್ಟರೆ ಖರ್ಚಿನಲ್ಲಿ ದೊಡ್ಡ ಭಾಗ ಇಳಿಯುತ್ತದೆ, ನಾಟಕಕ್ಕೆ ಅದು ಬೇಕಾಗಿಯೂ ಇಲ್ಲ. ಪೇಟೆಯ ಬೇಕರಿ, ಹಾರ್ಡ್‌ವೇರ್ ಅಂಗಡಿಯವರು ಕಳೆದ ವರ್ಷದಷ್ಟೇ ಕೊಡಲು ಒಪ್ಪಿದ್ದಾರೆ. ಸ್ಟಾಲಿಗೆಂದು ಇಟ್ಟ ಜಾಗದಲ್ಲಿ ಆಶಾ ಕಾರ್ಯಕರ್ತೆಯರು ಕೂತು ಸಕ್ಕರೆ, ಬಿಪಿ, ಸೊಂಟದಳತೆ ನೋಡಲಿ ಎಂದು ನನ್ನ ಸಲಹೆ. ಕುಟುಂಬ ಆರೋಗ್ಯ ಕೇಂದ್ರಕ್ಕೆ ಪತ್ರ ಬರೆದಿಟ್ಟಿದ್ದೇನೆ, ಫಾದರ್ ಸಹಿ ಹಾಕಿದರೆ ಸೋಮವಾರ ಕೊಟ್ಟು ಬರಬಹುದು. ಸಭೆಗೆ ಬರುವವರು ಕರಪತ್ರವನ್ನು ಜೊತೆಗೆ ತನ್ನಿ, ಸಾಲು ಸಾಲಾಗಿ ಓದೋಣ.