ಸತ್ತಿದ್ದಾನಾ, ಸೀರಿಯಸ್ಸಾ?

2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರನ್ನು ನಾವು ಎರಡು ಸಲ ಕಳೆದುಕೊಂಡೆವು. ಬೈಕ್ ಅಪಘಾತವಾಗಿ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದವರ ‘ಮಿದುಳು ನಿಷ್ಕ್ರಿಯ’ ಎಂದು 14ರಂದು ಸುದ್ದಿ ಬಂತು, ಶ್ರದ್ಧಾಂಜಲಿಗಳು ಹರಿದವು. ಅಷ್ಟರಲ್ಲೇ ‘ಇಲ್ಲ, ಇನ್ನೂ ಉಸಿರಿದೆ’ ಎಂಬ ತಿದ್ದುಪಡಿ. ಮಾರನೆಯ ದಿನ ನಿಧನದ ಸುದ್ದಿ. ಅಂಗಾಂಗ ದಾನಕ್ಕೆ ಮನೆಯವರು ಆಗಲೇ ಒಪ್ಪಿಯಾಗಿತ್ತು.

ನನ್ನನ್ನು ಕಾಡಿದ್ದು ‘ನಿಷ್ಕ್ರಿಯ’ ಎಂಬ ಪದ. ನಿಷ್ಕ್ರಿಯವಾದ ಬ್ಯಾಂಕ್ ಖಾತೆಗೆ ಕೆವೈಸಿ ಕೊಟ್ಟರೆ ಮತ್ತೆ ಜೀವ ಬರುತ್ತದೆ. ಉಸಿರಾಟವನ್ನು ನಡೆಸುವ ಮಿದುಳುಕಾಂಡಕ್ಕೆ ಬರುವುದಿಲ್ಲ. ಸಾವು ಎನ್ನಲು ನಮಗೇಕೋ ಸಂಕೋಚ. (ಸುದ್ದಿ ಡೆಸ್ಕಿನಲ್ಲಿ ಕೂತು ನಾನೂ ಅದೇ ಪದವನ್ನು ಎಷ್ಟೋ ಸಲ ಬರೆದಿದ್ದೇನೆ.)

ಐಸಿಯುವಿನಲ್ಲಿ ಆ ಸಂಕೋಚಕ್ಕೆ ಕಾರಣವುಂಟು. ವೆಂಟಿಲೇಟರ್ ಎದೆಯನ್ನು ಏರಿಳಿಸುತ್ತಿರುತ್ತದೆ, ಅಂಗೈ ಬೆಚ್ಚಗಿರುತ್ತದೆ. ಆಮ್ಲಜನಕ ಸಿಗುವಷ್ಟು ಹೊತ್ತು ಹೃದಯ ಮಿದುಳಿನ ಅಪ್ಪಣೆಗೆ ಕಾಯದೆ ತಾನೇ ಮಿಡಿಯುತ್ತದೆ. ಆದ್ದರಿಂದ ವೈದ್ಯರು ಕಾಂಡವನ್ನೇ ಕೆಣಕಿ ನೋಡುತ್ತಾರೆ. ಟಾರ್ಚ್ ಬಿಟ್ಟರೆ ಪಾಪೆ ಕುಗ್ಗದು. ಕಿವಿಗೆ ತಣ್ಣೀರು ಬಿಟ್ಟರೆ ಕಣ್ಣುಗುಡ್ಡೆ ಹೊರಳದು. ಕೊನೆಯದು ಆಪ್ನಿಯಾ ಪರೀಕ್ಷೆ. ವೆಂಟಿಲೇಟರ್ ಬಿಡಿಸಿ, ಸಣ್ಣ ನಳಿಕೆಯಲ್ಲಿ ಆಮ್ಲಜನಕವನ್ನಷ್ಟೇ ಹರಿಸಿ, ಹೊದಿಕೆ ಸರಿಸಿ, ಎದೆ-ಹೊಟ್ಟೆಗಳನ್ನೇ ನೋಡುತ್ತ ನಿಲ್ಲುತ್ತಾರೆ. ಎಂಟು ನಿಮಿಷ, ಹತ್ತು ನಿಮಿಷ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ 60 ಮಿ.ಮೀ. ಮುಟ್ಟುತ್ತದೆ. ಕಾಂಡದಲ್ಲಿ ಒಂದಿಷ್ಟು ಜೀವವಿದ್ದರೂ ಏದುಸಿರು ಬರಬೇಕು. ಎದೆ ಅಲುಗುವುದಿಲ್ಲ. ಆರು ತಾಸು ಬಿಟ್ಟು ಎಲ್ಲವೂ ಮತ್ತೊಮ್ಮೆ. 1994ರ ಅಂಗಾಂಗ ಕಸಿ ಕಾಯ್ದೆಯಂತೆ ಸಹಿ ನಾಲ್ವರು ವೈದ್ಯರದು. ಕಸಿ ತಂಡದವರಿಗೆ ಅಲ್ಲಿ ಜಾಗವಿಲ್ಲ.

ಇಷ್ಟು ಕಟ್ಟುನಿಟ್ಟಾಗಿ ತಿಳಿದದ್ದನ್ನು ಹೊರಗೆ ಬೆಂಚಿನ ಮೇಲೆ ಕೂತವರಿಗೆ ಹೇಳುವಾಗ ಮಾತು ಎಡವುತ್ತದೆ. ಸ್ಪೇನ್ 1989ರಲ್ಲಿ ಕಸಿಗೆಂದು ರಾಷ್ಟ್ರೀಯ ಸಂಸ್ಥೆ ಕಟ್ಟಿ, ಸಂಯೋಜಕರ ಹೊಣೆಯನ್ನು ಹೆಚ್ಚಾಗಿ ಐಸಿಯು ವೈದ್ಯರಿಗೇ ಕೊಟ್ಟಿತು. ಅವರ ಕ್ರಮ ಇದು: ಮೊದಲು ಸಾವಿನ ಮಾತು. ಅದು ಮನೆಯವರ ಎದೆಗೆ ಇಳಿದ ಮೇಲೆ, ಬೇರೆಯಾಗಿ, ದಾನದ ಮಾತು. ಅಲ್ಲಿ ಹತ್ತು ಲಕ್ಷ ಜನಕ್ಕೆ 40ಕ್ಕೂ ಹೆಚ್ಚು ಮೃತ ದಾನಿಗಳು, ಭಾರತದಲ್ಲಿ ಒಬ್ಬರಿಗಿಂತಲೂ ಕಡಿಮೆ. ಕಾರಣಗಳು ಹಲವು, ಮಾತೂ ಅದರಲ್ಲಿ ಒಂದು. ನಮ್ಮ ರಾಜ್ಯದ ಅಂಗಾಂಗ ದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಸಂಯೋಜಕರೂ ಈ ಕ್ರಮವನ್ನು ಬಲ್ಲವರೇ. ಆದರೆ ಅವರು ಬರುವ ಮೊದಲೇ ಯಾರೋ ಏನೋ ಹೇಳಿಬಿಟ್ಟಿರುತ್ತಾರೆ.

ನನ್ನ ಬಂಧುವೊಬ್ಬನ ವಿಷಯದಲ್ಲಿ ಹಾಗೇ ಆಯಿತು. ಕಿರಿಯ ವೈದ್ಯರು ಹೊರಬಂದು ಒಂದೇ ಉಸಿರಿಗೆ, “ಬ್ರೇನ್ ಡೆಡ್ ಆಗಿದೆ, ಕಂಡೀಷನ್ ತುಂಬಾ ಕ್ರಿಟಿಕಲ್, ಡೊನೇಷನ್ ಬಗ್ಗೆ ಯೋಚ್ನೆ ಮಾಡಿ” ಎಂದರು. ಹುಡುಗನ ದೊಡ್ಡಪ್ಪ ಎದ್ದು ನಿಂತರು.

“ಸತ್ತಿದ್ದಾನಾ, ಸೀರಿಯಸ್ಸಾ? ಎರಡರಲ್ಲಿ ಒಂದು ಹೇಳಿ ಸ್ವಾಮಿ.”

ವೈದ್ಯರು ಕೈಲಿದ್ದ ಫೈಲು ನೋಡಿದರು. “ದೊಡ್ಡ ಡಾಕ್ಟ್ರು ಬಂದು ಹೇಳ್ತಾರೆ” ಎಂದು ಒಳಗೆ ಹೋದರು.